ತಲೆಗಡೆಯ ಜಿಡ್ಡು

ಬಾಗಲಕೋಟೆ
೯ ಫೆಬ್ರುವರಿ ೧೯೫೮, ರವಿವಾರ

ಚಿ. ಸೌ. ಪ್ರೇಮಾಳಿಗೆ ಅಪ್ಪನ ತುಂಬು ಆಶೀರ್ವಾದ.

ನಾವಿಬ್ಬರೂ ಇಲ್ಲಿ ಉಂಡುಟ್ಟುಕೊಂಡು ಇದ್ದೇವೆ. ನೀವಿಬ್ಬರೂ ಹುನಗುಂದದಲ್ಲಿ ಆರಾಮ ಇದ್ದೀರೆಂದು ಅಳಿಯ ಅಂದಪ್ಪನವರ ಕಾರ್ಡಿನಿಂದ ತಿಳಿಯಿತು. ಕಾರ್ಡು ನನ್ನ ಆಫೀಸಿನ ವಿಳಾಸಕ್ಕೆ ಬಂದದ್ದು ಸಂಕ್ರಾಂತಿಯ ಆಸುಪಾಸು. ನಾನು ಉತ್ತರ ಬರೆಯಲು ಕೂತದ್ದು ಇವತ್ತು. ಅಪ್ಪ ಸತ್ತನೋ ಇದ್ದಾನೋ ಎಂದು ನೀನು ಬೈದುಕೊಂಡಿರಬೇಕು. ಬೈದುಕೋ ತಾಯಿ, ನನಗೆ ಬೈಯುವವರು ಈ ಮನೆಯಲ್ಲಿ ಈಗ ಒಬ್ಬರೇ ಉಳಿದಿದ್ದಾರೆ, ಅದೂ ಸಾಲದಾಗಿದೆ.

ತಡವಾದದ್ದಕ್ಕೆ ಕಾರಣ ಸೋಮಾರಿತನವಲ್ಲ. ಕಾರ್ಡಿನ ಮೊದಲ ಸಾಲು ಓದಿ ನಾನು ಆಫೀಸಿನಲ್ಲೇ ಎದ್ದು ನಿಂತುಬಿಟ್ಟೆ. ನನ್ನ ಮಗಳು ಬಸುರಿ! ಎದುರಿಗಿದ್ದ ಶಾಬುದ್ದೀನನಿಗೆ ಒಂದು ಹಿಡಿ ಕುಸುರೆಳ್ಳು ಕೊಟ್ಟು ಬಾಯಿ ಸಿಹಿ ಮಾಡಿದೆ. ಆಮೇಲೆ ಕೊನೆಯ ಸಾಲು ಓದಿದೆ. "ಕುಬಸಕ್ಕ ಒಮ್ಮೆ ತವರಮನಿಗೆ ಬರಬೇಕಂತ ಪ್ರೇಮಾಗ ಆಸೆ ಅದರಿ. ಬಂದರ ಬಾಗಲಾ ತೆಗೀತೀರೋ ಇಲ್ಲೋ, ಅಷ್ಟು ಬರೀರಿ." ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದೆ ಕಾಗದ ಹೇಗೆ ಬರೆಯಲಿ? ಏಳು ತಿಂಗಳ ಬಸುರಿ ಮಗಳು ತವರಿಗೆ ಬರಲೋ ಬೇಡವೋ ಎಂದು ಗಂಡನ ಕೈಯಿಂದ ಕೇಳಿಸಬೇಕಾಯಿತಲ್ಲ ಎಂದು ಎಷ್ಟೋ ದಿನ ಆ ಕಾರ್ಡನ್ನು ನಿನ್ನ ಅವ್ವನಿಗೆ ತೋರಿಸದೆ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ.

ನೀನು ಹೋದ ದಿನ ಮನೆಯಲ್ಲಿ ಏನಾಯಿತೆಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಲಿಂಗಾಯತರ ಹುಡುಗನ ಜೊತೆ ನಿನ್ನ ಮದುವೆ ರಜಿಸ್ಟರ್ ಆಯಿತೆಂದು ಗೊತ್ತಾದ ಕೂಡಲೇ ನಿನ್ನ ಅವ್ವ ಹಿತ್ತಿಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರುವಿಕೊಂಡಳು, ಮನೆಯಲ್ಲಿ ಸಾವಾದ ಹಾಗೆ. ನಿನ್ನ ಸೀರೆ, ಪರಕಾರ, ಹಾಸಿಗೆ, ಕೌದಿ ಎಲ್ಲವನ್ನೂ ಪಾತ್ರೆ ತಿಕ್ಕುವ ಸಿದ್ದಲಿಂಗವ್ವನ ಮಡಿಲಿಗೆ ಹಾಕಿದಳು. "ಆಕಿ ಹೆಸರು ಈ ಹೊಸ್ತಲಾ ದಾಟಿ ಒಳಗ ಬರಬಾರದು" ಅಂದಳು. ಅಂದಿನಿಂದ ಬಂದಿಲ್ಲ. ನಾನು ಒಂದೆರಡು ಸಲ ಬಾಯಿ ತೆರೆದರೆ ಎದ್ದು ದೇವರ ಕೋಣೆಗೆ ಹೋಗಿ ಜಾಗಟೆ ಬಾರಿಸತೊಡಗಿದಳು. ಹೊತ್ತಲ್ಲದ ಹೊತ್ತಿನಲ್ಲಿ ಮಂಗಳಾರತಿ ಕೇಳಿ ಓಣಿಯವರು ಹೆದರಿದರು. ಕಡೆಗೆ ನಾನೇ ಸುಮ್ಮನಾದೆ.

ಈಗ ಆಫೀಸಿನ ಸುದ್ದಿ ಹೇಳುತ್ತೇನೆ. ಮುಖ ಕಿವಿಚಬೇಡ. ಮನೆಯ ಸುದ್ದಿ ಅದರೊಳಗೇ ಇದೆ.

ನಮ್ಮ ಉಣ್ಣೆ ಪರೀಕ್ಷೆಯ ಕೇಂದ್ರ ನೀನು ನೋಡಿದ್ದೇ. ಎರಡು ಕೋಣೆ, ಒಂದು ಬಾವಿ, ನಾನು, ನನ್ನ ಸಹಾಯಕ್ಕೆ ಶಾಬುದ್ದೀನ. ಕಂಬಳಿ ನೇಯುವವರ ಸಂಘದ ಉಣ್ಣೆಯನ್ನು ನಮ್ಮಲ್ಲಿ ತೊಳೆದು ಕೊಡುತ್ತೇವೆ. ಈ ಸಲ ತೊಳೆದ ಉಣ್ಣೆಗೆ ಬಣ್ಣವೇ ಹತ್ತಲಿಲ್ಲ. ನೇಕಾರರು ಬಂದು ಅಂಗಳದಲ್ಲಿ ಕೂತುಬಿಟ್ಟರು. ತೊಳೆದ ಮೇಲೂ ಉಣ್ಣೆಯಲ್ಲಿ ಜಿಡ್ಡು ಎಷ್ಟು ಉಳಿದಿದೆ, ಅದು ಎಂಥ ಜಿಡ್ಡು, ಕೂಡಲೇ ವರದಿ ಕಳಿಸಿರಿ ಎಂದು ಮೇಲಿನ ಸಾಹೇಬರಿಂದ ಹುಕುಂ ಬಂತು.

ಜಿಡ್ಡಿನಲ್ಲಿ ಜಾತಿಗಳಿವೆ, ಪ್ರೇಮಾ. ಉಣ್ಣೆಯನ್ನು ಈಥರಿನಲ್ಲಿ ಮತ್ತೆ ಮತ್ತೆ ನೆನೆಸಿದರೆ ಇದ್ದಬದ್ದ ಜಿಡ್ಡೆಲ್ಲ ಇಳಿದು ಬರುತ್ತದೆ. ಈಥರು ಹಾರಿಹೋದ ಮೇಲೆ ಸೀಸೆಯ ತಳದಲ್ಲಿ ಉಳಿದದ್ದನ್ನು ಕ್ಷಾರ ಹಾಕಿ ಕುದಿಸಬೇಕು. ಗಾಣದ ಎಣ್ಣೆಯಾದರೆ ಬಡಪಾಯಿ, ಪೂರ್ತಿ ಸಾಬೂನಾಗಿ ನೀರಿನಲ್ಲಿ ಕರಗಿ ಹೋಗುತ್ತದೆ. ಕುರಿಯ ಮೈಯ ಜಿಡ್ಡು ಹಾಗಲ್ಲ. ಕುದಿಸಿ ಕುದಿಸಿ ನಿನ್ನ ಕೈ ಸೋಲಬೇಕು, ಅರ್ಧಕ್ಕರ್ಧ ಮೇಣದ ಹಾಗೆ ಕರಗದೆ ಕೂತಿರುತ್ತದೆ. ನಮ್ಮ ಮನೆಯಲ್ಲಿ ಅಂಥವರು ಯಾರೆಂದು ನಾನು ಬಾಯಿಬಿಟ್ಟು ಹೇಳುವುದಿಲ್ಲ.

ನೇಕಾರರ ತಕರಾರು ಬೇಗ ಬಗೆಹರಿಯಿತು. ಕುರಿಯ ತಪ್ಪೂ ಇರಲಿಲ್ಲ, ನೇಕಾರರ ತಪ್ಪೂ ಇರಲಿಲ್ಲ. ನಮ್ಮ ಬಾವಿಯ ನೀರೇ ಗಡಸು. ಅದರಲ್ಲಿ ಸಾಬೂನು ನೊರೆಯೊಡೆಯದೆ, ಹಾಲು ಒಡೆದಂತೆ ಒಡೆದು, ಉಣ್ಣೆಗೇ ಅಂಟಿ ಕೂತಿತ್ತು. ಹೊಳೆಯ ನೀರಿನಲ್ಲಿ ಅಂಟವಾಳ ಹಾಕಿ ತೊಳೆದರೆ ಉಣ್ಣೆ ಹೂವಾಗುತ್ತದೆ. ಇದನ್ನು ನಾನು ಊಟಕ್ಕೆ ಕೂತಾಗ ದೊಡ್ಡ ಉತ್ಸಾಹದಿಂದ ನಿನ್ನ ಅವ್ವನಿಗೆ ವಿವರಿಸಿದೆ. ಆಕೆ "ಅನ್ನಾ ಹಾಕ್ಲ್ಯಾ, ಮಜ್ಜಿಗಿ ಹಾಕ್ಲ್ಯಾ?" ಅಂದಳು. ನನ್ನ ವಿದ್ಯೆಗೆ ಈ ಮನೆಯಲ್ಲಿ ಇಷ್ಟೇ ಮರ್ಯಾದೆ.

ಆದರೆ ವರದಿಗೆ ಹೋಲಿಸಿ ನೋಡಲು ಒಂದು ನಿರ್ಮಲವಾದ ಉಣ್ಣೆಯ ತುಂಡು ಬೇಕಾಗಿತ್ತು. ಆಫೀಸಿನಲ್ಲಿ ಇದ್ದದ್ದೆಲ್ಲ ಆ ಬಾವಿಯ ನೀರು ಕುಡಿದದ್ದೇ. ಆಗ ನಿನ್ನ ಕಂಬಳಿ ನೆನಪಾಯಿತು. ನೀನು ಧಾರವಾಡದ ಕಾಲೇಜಿಗೆ ಹೊರಟಾಗ ನಾನೇ ನೇಯಿಸಿಕೊಟ್ಟ ಕರಿ ಕಂಬಳಿ. ನಿನ್ನ ವಸ್ತುಗಳಲ್ಲಿ ಅದೊಂದೇ ಮನೆಯಲ್ಲಿ ಉಳಿದಿತ್ತು, ಮಡಿಗೆ ಉಡುವ ಉಣ್ಣೆಯ ಧಾಬಳಿಗಳ ಕೂಡ ದೇವರ ಕೋಣೆಯ ಗಳದ ಮೇಲೆ. ಹೇಗೆ ಉಳಿಯಿತೆಂದು ನಾನು ಯೋಚಿಸಿರಲಿಲ್ಲ. ನಿನಗೆ ಗೊತ್ತಲ್ಲ, ಉಣ್ಣೆಗೆ ಮೈಲಿಗೆ ಇಲ್ಲ ಎಂದು ಅಜ್ಜಿಯ ಕಾಲದಿಂದ ಕೇಳುತ್ತ ಬಂದವರು ನಾವು. ಅರಿವೆಯಾದರೆ ಒಗೆಯಬೇಕು, ಧಾಬಳಿಯನ್ನು ಒಗೆಯಬೇಕಾಗಿಲ್ಲ, ಅದು ಯಾವಾಗಲೂ ಮಡಿಯೇ. ದೇವರ ಕೋಣೆಯ ಉಣ್ಣೆಗಿಂತ ಶುದ್ಧವಾದದ್ದು ಇನ್ನೆಲ್ಲಿ ಸಿಕ್ಕೀತೆಂದು, ಕೆಮಿಸ್ಟ್ರಿಯಲ್ಲಿ ಡಿಗ್ರಿ ತೆಗೆದುಕೊಂಡ ನಿನ್ನ ಅಪ್ಪ, ಅವ್ವ ಹೊಳೆಗೆ ಹೋದಾಗ ಕತ್ತರಿ ಹಿಡಿದು ಅಂಗೈ ಅಗಲದ ತುಂಡು ಕತ್ತರಿಸಿಕೊಂಡು ಹೋದ. ಮಡಿಯೆಂದರೆ ಸ್ವಚ್ಛ ಎಂದುಕೊಂಡ ಜಾಣ!

ಆ ತುಂಡಿನಿಂದ ಇಳಿದ ಜಿಡ್ಡು ನೋಡಿ ನಾನು ಬೆಪ್ಪಾದೆ. ಅಂಗಳದಲ್ಲಿ ರಾಶಿ ಬಿದ್ದ ಹೊಲಸು ಉಣ್ಣೆಗಿಂತ ಹೆಚ್ಚು! ಕುದಿಸಿದರೆ ಮುಕ್ಕಾಲು ಪಾಲು ಸಾಬೂನಾಯಿತು. ಅಂದರೆ ಕುರಿಯದ್ದಲ್ಲ, ಎಣ್ಣೆ. ಶಾಬುದ್ದೀನನ ಮೇಲೆ ರೇಗಿದೆ, ಎಣ್ಣೆಗೈಯಲ್ಲಿ ಮುಟ್ಟಿದ್ದೀ ಎಂದು. ಆತ ಎರಡೂ ಕೈ ನನ್ನ ಮೂಗಿಗೆ ಹಿಡಿದ. "ಮೂಸಿ ನೋಡ್ರಿ ಸಾಹೇಬ್ರ. ಮುಂಜಾನಿಂದ ಸಾಬಾನ ಹಚ್ಚಿ ತೊಳದ ತೊಳದ ಕೈ ಸೀಳ್ಯಾವು. ಎಣ್ಣಿ ನನ್ನ ಕೈಯಾಗ ಇಲ್ಲರಿ, ನೀವ ತಂದ ಕಂಬಳ್ಯಾಗ ಐತಿ." ಸಿಟ್ಟಿನಿಂದ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ನಾನೇ ಚಹಾ ತರಿಸಿ ಸಮಾಧಾನ ಮಾಡಬೇಕಾಯಿತು.

ಮರುದಿನ ಕಂಬಳಿಯ ಇನ್ನೊಂದು ತುದಿಯಿಂದ ತುಂಡು ಕತ್ತರಿಸಿ ತಂದೆ. ಅದರಲ್ಲಿ ಕುರಿಯ ಜಿಡ್ಡು ಬಿಟ್ಟರೆ ಏನೂ ಇರಲಿಲ್ಲ. ಅಂದರೆ ಎಣ್ಣೆ ಇದ್ದದ್ದು ಒಂದೇ ತುದಿಯಲ್ಲಿ, ಕೆಂಪು ದಾರದ ಅಂಚಿರುವ ಕಡೆ. ನೀನು ಯಾವಾಗಲೂ ತಲೆಗೆ ಮಾಡಿಕೊಳ್ಳುತ್ತಿದ್ದ ಕಡೆ.

ಉಳಿದಿದ್ದ ಎಣ್ಣೆಯನ್ನು ಮೂಗಿನ ಹತ್ತಿರ ಹಿಡಿದೆ. ಗರಗದ ಸೊಪ್ಪು, ಮೆಂತ್ಯೆ, ಕೊಬ್ಬರಿ ಎಣ್ಣೆ. ನಿನ್ನ ಅವ್ವ ಕಾಯಿಸುವ ಎಣ್ಣೆ. ರವಿವಾರ ಮುಂಜಾನೆ ಅಂಗಳದಲ್ಲಿ ನಿನ್ನನ್ನು ಮೊಣಕಾಲ ಸಂದಿಯಲ್ಲಿ ಒತ್ತಿ ಕೂರಿಸಿಕೊಂಡು ಆಕೆ ತಲೆಗೆ ತಟ್ಟುತ್ತಿದ್ದದ್ದು, ನೀನು "ಅವ್ವಾ, ಕಣ್ಣಾಗ ಹೋತು" ಎಂದು ಚೀರುತ್ತಿದ್ದದ್ದು, ಎಲ್ಲ ಒಮ್ಮೆಲೇ ನುಗ್ಗಿ ಬಂತು. ನನ್ನ ಮಗಳ ತಲೆಯ ಎಣ್ಣೆ ಇನ್ನೂ ಈ ಉಣ್ಣೆಯಲ್ಲಿ ಉಳಿದಿದೆ ಎಂದುಕೊಂಡೆ. ಐವತ್ತು ದಾಟಿದ ಗಂಡಸು, ಸರಕಾರಿ ಸೀಸೆ ಹಿಡಿದುಕೊಂಡು ಅತ್ತೆ. ಶಾಬುದ್ದೀನ ಈಥರಿನ ಗಾಳಿ ಕಣ್ಣಿಗೆ ಬಡಿಯಿತೆಂದು ತಿಳಿದು ಕಿಟಕಿ ತೆರೆದ. ತಿಳಿದನೋ, ತಿಳಿದ ಹಾಗೆ ಮಾಡಿದನೋ.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ. ಹಳೆಯ ಎಣ್ಣೆ ಹುಳಿಯಾಗುತ್ತದೆ. ಬಣ್ಣ ತೋರಿಸುವ ಔಷಧ ಬೆರೆಸಿ ಕ್ಷಾರದ ಹನಿ ಬಿಡುತ್ತ ಹೋದರೆ ಹುಳಿ ತೀರುವವರೆಗೂ ಬಣ್ಣ ತಿರುಗುವುದಿಲ್ಲ, ತೀರಿದ ಕೂಡಲೇ ಗುಲಾಬಿಯಾಗುತ್ತದೆ. ನೀನು ಹೋಗಿ ಮೂರು ವರ್ಷವಾಯಿತು. ಮೂರು ವರ್ಷದ ಎಣ್ಣೆ ಎಷ್ಟು ಹನಿ ಕುಡಿಯಬೇಕೆಂದು ನನಗೆ ಗೊತ್ತು. ಇದು ಕುಡಿಯಲೇ ಇಲ್ಲ. ಹನಿ ಬಿದ್ದದ್ದೇ ತಡ, ಗುಲಾಬಿ.

ಹೊಸ ಎಣ್ಣೆ, ಪ್ರೇಮಾ. ನಿನ್ನದಲ್ಲ.

ಮೊದಲು ನನಗೆ ಆ ಗುಲಾಬಿ ಬಣ್ಣದ ಮೇಲೆಯೇ ಸಿಟ್ಟು ಬಂತು. ಸಿಕ್ಕ ಮಗಳನ್ನು ಕಸಿದುಕೊಂಡಿತಲ್ಲ ಎಂದು. ಆಮೇಲೆ ತಲೆ ಓಡಿತು. ಇದು ಈ ವಾರದ್ದೋ ಹೋದ ವಾರದ್ದೋ ಎಣ್ಣೆ. ಮನೆಯಲ್ಲಿರುವ ತಲೆಗಳು ಎರಡು. ನನ್ನದು ಬೋಳು, ಅದಕ್ಕೆ ಎಣ್ಣೆಯ ಸೋಂಕಿಲ್ಲ. ಮತ್ತೆ ಇನ್ನು ಯಾರದ್ದು?

ಆ ಹೊತ್ತಿಗೆ ಮನೆಯಲ್ಲಿ ಗದ್ದಲ ಎದ್ದಿತ್ತು. ಕಂಬಳಿಗೆ ತೂತು ಬಿದ್ದಿದೆ! ಮೊದಲ ದಿನ ಅವ್ವ ಇಲಿಯನ್ನು ಬೈದಳು. ದೇವರ ಕೋಣೆಯಲ್ಲಿ ರೊಟ್ಟಿಯ ಚೂರು ಇಟ್ಟು ಬೋನು ಒಡ್ಡಿದಳು. ಎರಡನೇ ತೂತು ನೋಡಿದಾಗ ಬೋನು ತೆಗೆದಿಟ್ಟು ನನ್ನೆದುರು ಬಂದು ನಿಂತಳು.

"ಇಲಿ ಕತ್ತರಿ ಹಿಡಕೊಂಡ ಬಂದಿತ್ತೇನ್ರಿ?"

"ಆಫೀಸಿಗೆ ಬೇಕಾಗಿತ್ತು," ಅಂದೆ.

"ನಿಮ್ಮ ಆಫೀಸಿನ್ಯಾಗ ಉಣ್ಣಿಗೆ ಬರಾ ಬಂದದೇನು? ನನ್ನ ಧಾಬಳಿ ಇತ್ತು, ಅದನ್ನ ಕತ್ತರಿಸಬೇಕಿತ್ತು. ಇದಕ್ಕ್ಯಾಕ ಕೈ ಹಚ್ಚಿದ್ರಿ? ನಿಮ್ಮ ಕೈಗೆ ಬೆಂಕಿ ಹಚ್ಚಲಿ..." ಎಂದವಳೇ ನಾಲಿಗೆ ಕಚ್ಚಿಕೊಂಡಳು. ಮೂರು ವರ್ಷದಲ್ಲಿ ನಿನ್ನ ವಸ್ತುವಿನ ಬಗ್ಗೆ ಆಕೆ ಆಡಿದ ಮೊದಲ ಮಾತು ಅದು.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನಿನಗೆ ಗೊತ್ತು. ಕೇಳಿಬಿಟ್ಟೆ. "ಅನಸೂಯಾ, ಆ ಕಂಬಳಿ ಮ್ಯಾಲೆ ತಲಿ ಇಟ್ಟು ಮಲಗತೀಯಲ್ಲಾ?"

ಆಕೆ ಮೊರ ತೆಗೆದುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತಳು. ಜಾಗಟೆಯ ಸದ್ದಿಗೆ ನಾನು ಸಿದ್ಧನಾಗಿದ್ದೆ. ಆಕೆ ಏಳಲಿಲ್ಲ. ಮೊರದ ಕಡೆಗೇ ನೋಡುತ್ತ ಅಂದಳು: "ಉಣ್ಣಿಗೆ ಮೈಲಿಗಿ ಇಲ್ಲ."

ಆಗ ನನಗೆ ತಿಳಿಯಿತು, ಕಂಬಳಿ ಹೇಗೆ ಉಳಿಯಿತೆಂದು. ನಿನ್ನ ಸೀರೆ, ಕೌದಿ, ಹಾಸಿಗೆ ಎಲ್ಲ ಅರಿವೆ; ಸಾವಿನ ಸೂತಕ ಹತ್ತಿದ ಅರಿವೆಯನ್ನು ಆಕೆಯ ಶಾಸ್ತ್ರ ಇಟ್ಟುಕೊಳ್ಳಗೊಡುವುದಿಲ್ಲ. ಮಡಿಯಲ್ಲಿದ್ದಾಗಲೂ ಮುಟ್ಟಬಹುದಾದ ನಿನ್ನ ವಸ್ತು ಇದೊಂದೇ. ನಾನು ಆಫೀಸಿಗೆ ಹೋದ ಮೇಲೆ, ಊಟ ಮುಗಿಸಿ, ದೇವರ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಕೆಂಪು ಅಂಚನ್ನು ಕೆನ್ನೆಗೆ ಒತ್ತಿಕೊಂಡು ಆಕೆ ದಿನಾ ಮಲಗಿದ್ದಾಳೆ. ನಿನ್ನ ಹೆಸರು ಹೇಳಬಾರದೆಂದು ನನಗೆ ಆಣೆ ಹಾಕಿದವಳು!

ನಾನು ಜೇಬಿನಿಂದ ಕಾರ್ಡು ತೆಗೆದು ಗಟ್ಟಿಯಾಗಿ ಓದಿದೆ. ಹೊಸ್ತಿಲು ದಾಟಿ ಬಂದ ನಿನ್ನ ಮೊದಲ ಹೆಸರು. ಬಸುರಿ ಎಂಬ ಮಾತಿಗೆ ಆಕೆಯ ಕೈ ಅಕ್ಕಿಯಲ್ಲೇ ನಿಂತಿತು. ಬಾಗಿಲು ತೆಗೆಯುತ್ತೀರೋ ಎಂಬ ಮಾತಿಗೆ ಮತ್ತೆ ಕಲ್ಲು ಆರಿಸತೊಡಗಿತು. "ಏನ ಬರೀಲಿ?" ಅಂದೆ. "ಎಲ್ಲಾ ಬಿಟ್ಟು ನೀರ ಬಿಟ್ಟೇನಿ. ಬಿಟ್ಟ ನೀರು ತಿರುಗಿ ಎತ್ತಲಿಕ್ಕೆ ಬರ್ತದೇನ್ರಿ?" ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ದಾರಿ ಕಾಣದವರು ಕೇಳುವ ಹಾಗೆ ನನ್ನನ್ನೇ ಕೇಳಿದಳು.

ಇದು ನಿನ್ನೆಯ ಮಾತು. ಹೀಗಾಗಿ ಅಂದಪ್ಪನವರಿಗೆ ಹೌದು ಎಂದೂ ಬರೆಯಲಾರೆ, ಇಲ್ಲ ಎಂದೂ ಬರೆಯಲಾರೆ. ನಾನೇ ಬಾಗಿಲು ತೆಗೆಯಬಲ್ಲೆ, ಅಗಳಿ ನನ್ನ ಕೈಗೂ ಎಟಕುತ್ತದೆ. ಆದರೆ ಕುಬಸಕ್ಕೆ ಬಂದ ಮಗಳಿಗೆ ಅವ್ವ ಆರತಿ ಎತ್ತಬೇಕು, ಅಪ್ಪ ಎತ್ತಿದರೆ ಏನು ಚೆಂದ? ನಿನ್ನನ್ನು ಅಂಗಳದಲ್ಲಿ ನಿಲ್ಲಿಸಿ ಒಳಗೆ ಜಾಗಟೆ ಬಾರಿಸಿದರೆ ನಾನು ತಡೆದುಕೊಳ್ಳಲಾರೆ. ಅದಕ್ಕೇ ಬಾ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ ನೆನಪು ಬಹಳ ಆಗುತ್ತದೆ. ಸಂಜೆ ಹುನಗುಂದದ ಬಸ್ಸು ಬರುವ ಹೊತ್ತಿಗೆ ಏನಾದರೊಂದು ನೆಪ ಮಾಡಿಕೊಂಡು ಸ್ಟ್ಯಾಂಡಿನ ಕಡೆ ಹೋಗಿ ಬರುತ್ತೇನೆ. ಇಳಿಯುವವರನ್ನೆಲ್ಲ ನೋಡುತ್ತೇನೆ. ಕಂಡಕ್ಟರ್ ಬಂದೇನವಾಜನಿಗೆ ನಾನು ಯಾರನ್ನು ಕಾಯುತ್ತೇನೆಂದು ಗೊತ್ತಾಗಿರಬೇಕು. "ಇವತ್ತ ಇಲ್ಲರಿ" ಎಂದು ತಾನಾಗಿಯೇ ಹೇಳುತ್ತಾನೆ.

ಭಾರದ ಕೊಡ ಎತ್ತಬೇಡ. ಹುಣಸೆಹಣ್ಣು ತಿನ್ನಬೇಕೆನಿಸಿದರೆ ತಿನ್ನು, ಹಗಲೆಲ್ಲ ಅದನ್ನೇ ತಿನ್ನಬೇಡ. ಅಂದಪ್ಪನವರಿಗೆ ನನ್ನ ಆಶೀರ್ವಾದ ಹೇಳು. ಅವರ ಮೇಲೆ ನನಗೆ ಸಿಟ್ಟಿಲ್ಲ, ಎಂದೂ ಇರಲಿಲ್ಲ. ನಿನಗೆ ಸುಖವಾಗಿ ಹೆರಿಗೆಯಾಗಲಿ. ಕೂಸು ನಿನ್ನ ಹಾಗೆ ಹಠಮಾರಿಯಾಗಲಿ, ಕುದಿಸಿದರೂ ಕರಗದಿರಲಿ.

ಇಂತು ನಿನ್ನ ದಾರಿ ನೋಡುವ
ಅಪ್ಪ
ಪಂಢರೀನಾಥ

ತಾ. ಕ. (ಬುಧವಾರ): ಕಾಗದ ಡಬ್ಬಿಗೆ ಹಾಕಲಿಲ್ಲ. ಇದನ್ನು ಶಾಬುದ್ದೀನನೇ ತರುತ್ತಿದ್ದಾನೆ. ಅವನ ತಂಗಿ ಅಮೀನಬಿಯನ್ನು ನೋಡಲು ಇವತ್ತು ಸಂಜೆಯ ಬಸ್ಸಿಗೆ ಹುನಗುಂದಕ್ಕೆ ಹೊರಟಿದ್ದಾನೆ. ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ನಿನಗೆ ಕರದಂಟು ತರಲು ಹೇಳಿದ್ದೇನೆ. ಅವನ ಕೈಯಲ್ಲಿ ಇನ್ನೊಂದು ಗಂಟಿದೆ, ಬಿಚ್ಚಿ ನೋಡು.

ಮೊನ್ನೆ ನಾನು ಆಫೀಸಿನಿಂದ ಬಂದಾಗ ಅಂಗಳದ ಹಗ್ಗದ ಮೇಲೆ ನಿನ್ನ ಕಂಬಳಿ ನೀರು ಸೋರುತ್ತ ನೇತಾಡುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಈಕೆ ಉಣ್ಣೆ ಒಗೆದದ್ದನ್ನು ನಾನು ಕಂಡಿಲ್ಲ. ನಮ್ಮ ಮನೆಯ ಬಾವಿಯಲ್ಲಲ್ಲ, ಹೊಳೆಗೆ ಹೊತ್ತುಕೊಂಡು ಹೋಗಿ, ಅಂಟವಾಳದ ನೊರೆಯಲ್ಲಿ. ಮಜ್ಜಿಗೆ ಬಡಿಸುತ್ತಲೇ ನನ್ನ ಮಾತು ಪೂರ್ತಿ ಕೇಳಿಸಿಕೊಂಡಿದ್ದಾಳೆ ಖರೆ! "ಇದೇನ ಮಾಡಿದಿ?" ಎಂದೆ. "ಹಸಿಗೂಸಿನ ಮೈಗೆ ಹೊಚ್ಚೂದು. ಹಂತಾ ಜಿಡ್ಡಿನ ಕಂಬಳಿ ಕಳಸ್ತಾರೇನ್ರಿ ಯಾರರ?" ಅಂದಳು. ನಾನು ಮಾಡಿದ ತೂತುಗಳಿಗೆ ತನ್ನ ಹಳೆಯ ಇಳಕಲ್ಲ ಸೀರೆಯ ಸೆರಗು ಹರಿದು ಕೆಂಪು ತೇಪೆ ಹಚ್ಚಿದ್ದಾಳೆ. ಒಣಗಿದ ಮೇಲೆ ಮೂಸಿ ನೋಡಿದೆ. ಬರೀ ಕುರಿಯ ವಾಸನೆ.

ಇವತ್ತು ಮುಂಜಾನೆ ಶಾಬುದ್ದೀನ ಬಂದಾಗ, ಯಾವಾಗಲೂ ಅವನಿಗೆ ಕೊಡುವುದನ್ನು ಕಟ್ಟೆಯ ಮೇಲಿಟ್ಟು ಸರಿಯುವವಳು, ಗಂಟನ್ನು ಅವನ ಕೈಗೇ ಕೊಟ್ಟಳು. ಬಾಗಿಲಿಗೆ ಮುಖ ತಿರುಗಿಸಿಕೊಂಡು ಹೇಳಿದಳು: "ಮುಂಜಾನಿ ಬಸ್ಸಿನ್ಯಾಗ ಥಂಡಿ ಇರ್ತದ. ಬರೂವಾಗ ಇದನ್ನ ಮೈತುಂಬ ಹೊತ್ತಗೊಂಡ ಬರಲಿ ಅಂತ ಹೇಳು. ಒಳಗ ಬರೂತನಕಾ ತೆಗೀಬಾರದು." ಯಾಕೆಂದು ಶಾಬುದ್ದೀನ ಕೇಳಲಿಲ್ಲ. ನಿನಗೂ ನಾನು ಬಿಡಿಸಿ ಹೇಳಬೇಕಾಗಿಲ್ಲ, ಉಣ್ಣೆಯ ಬಗ್ಗೆ ಅಜ್ಜಿಯ ಮಾತು ನೆನಪಿದ್ದರೆ ಸಾಕು.

ಬೇಗ ಬಾ, ಪ್ರೇಮಾ. ಮಧ್ಯಾಹ್ನ ಆಕೆಗೆ ನಿದ್ದೆ ಹತ್ತುತ್ತಿಲ್ಲ. ಇವತ್ತು ನಾನು ಊಟಕ್ಕೆ ಮನೆಗೆ ಬಂದಾಗ ದೇವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ತನ್ನ ಧಾಬಳಿಯನ್ನು ಮಡಚಿ ತಲೆಗಿಟ್ಟುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಅದನ್ನು ಸರಿಸಿ, ಬರಿ ನೆಲಕ್ಕೆ ಕೆನ್ನೆ ಹಚ್ಚಿ, ಕಣ್ಣು ತೆರೆದೇ ಬಿದ್ದುಕೊಂಡಳು.